ಕೇಳದೆ ಹಾಕಿದ ಫೋಟೊ

ಬಳೆಗಾರ್ತಿಯ ತಲೆಯ ಮೇಲಿನ ಬುಟ್ಟಿ ಇಳಿಸಿದವರು ನಮ್ಮ ಮನೆಯವರು. ಊರಿನಲ್ಲಿ ಏನೇನೋ ಹೇಳುತ್ತಾರೆ. ಹೊರಗಿನ ಹುಡುಗರು ಮಾಡಿದರು ಎನ್ನುತ್ತಾರೆ, ರಾಜಕೀಯದವರು ಮಾಡಿಸಿದರು ಎನ್ನುತ್ತಾರೆ, ಮೊಬೈಲ್ ಬಂದು ಕಾಲ ಕೆಟ್ಟಿತು ಎನ್ನುತ್ತಾರೆ. ಅವರೆಲ್ಲರ ಪಾಲೂ ಇರಬಹುದು. ಆದರೆ ಆಕೆಯ ಮುಖವನ್ನು ಅವರ ಕೈಗೆ ಕೊಟ್ಟದ್ದು ನಾವು. ಒಳ್ಳೆಯ ಮನಸ್ಸಿನಿಂದ ಕೊಟ್ಟೆವು ಎಂದು ಹೇಳಿದರೆ ಆಕೆಗೆ ಅದರಿಂದ ಏನೂ ಆಗಬೇಕಾದ್ದಿಲ್ಲ.

ನಾನು ಮೂರನೇ ಇಯತ್ತೆಯವರೆಗೆ ಸಾಲೆಗೆ ಹೋದವಳು. ಕನ್ನಡ ಓದುತ್ತೇನೆ, ನಿಧಾನಕ್ಕೆ ಬರೆಯುತ್ತೇನೆ. ಮರಾಠಿಯಲ್ಲಿ ಯಾರಾದರೂ ಬೈದರೆ ಅದೇ ಭಾಷೆಯಲ್ಲಿ ತಿರುಗಿ ಬೈಯಲು ಬರುತ್ತದೆ. ಖಾನಾಪುರದಲ್ಲಿ ಬದುಕಲು ಇಷ್ಟು ಸಾಕಾಯಿತು. ಮನೆಯಲ್ಲಿ ಮಗ, ಸೊಸೆ, ಎರಡು ಎಮ್ಮೆ, ಮತ್ತು ಹಿರಿಯ ಮೊಮ್ಮಗಳು. ಆಕೆಯ ಗಂಡ ಗೋವಾದಲ್ಲಿ ದುಡಿಯುತ್ತಾನೆ. ಆಕೆ ಮೊಲೆ ಕುಡಿಯುವ ಕೂಸಿನೊಂದಿಗೆ ನಮ್ಮಲ್ಲೇ ಇದ್ದಾಳೆ. ಒಂದು ಸಂಸ್ಥೆಯವರು ಆಕೆಗೆ ಪಗಾರ ಕೊಡುತ್ತಾರೆ. ಸುತ್ತಿನ ಹಳ್ಳಿಗಳ ಹರೆಯದ ಹುಡುಗ ಹುಡುಗಿಯರನ್ನು ಕೂಡಿಸಿ ಆಟ ಆಡಿಸುವುದು, ಓದಿಸುವುದು, ಅವರ ಜಗಳ ಬಿಡಿಸುವುದು ಆಕೆಯ ಕೆಲಸ. ಕಿರಿಯ ಮೊಮ್ಮಗಳನ್ನು ಬೆಳಗಾವಿಗೆ ಕೊಟ್ಟಿದ್ದೇವೆ. ಇದೆಲ್ಲ ನಡೆದಾಗ ಆಕೆಗೆ ಬಸುರಿನ ಏಳನೇ ತಿಂಗಳು.

ಬಳೆಗಾರ್ತಿ ನಂದಗಡದವಳು, ಮುಸಲ್ಮಾನರ ಮನೆಯವಳು. ನನ್ನ ಮದುವೆಯಲ್ಲಿ ಬಳೆ ಇಟ್ಟವಳು ಆಕೆಯ ಅತ್ತೆ. ಆಗ ಈಕೆ ಹೊಸ ಸೊಸೆ, ಅತ್ತೆಯ ಹಿಂದೆ ಬುಟ್ಟಿ ಹೊತ್ತು ಬಂದಿದ್ದಳು. ಆಮೇಲೆ ನನ್ನ ಕೈಗೂ, ಸೊಸೆಯ ಕೈಗೂ, ಮೊಮ್ಮಕ್ಕಳ ಕೈಗೂ ಈಕೆಯೇ. ಸಾಬೂನು ಹಚ್ಚುವವಳಲ್ಲ. ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನ ಬುಡ ಹಿಚುಕುತ್ತ ಏನಾದರೂ ಮಾತು ತೆಗೆಯುತ್ತಾಳೆ. ನಾವು ಉತ್ತರ ಕೊಡುವಷ್ಟರಲ್ಲಿ ಬಳೆ ಮಣಿಕಟ್ಟು ಸೇರಿರುತ್ತದೆ. ಇಟ್ಟು ಮುಗಿದ ಮೇಲೆ ಕೈಗೊಂದರಂತೆ ಬಳೆ ಹೆಚ್ಚು ಇಡುವುದು ಆಕೆಯ ರೂಢಿ. ಬುಟ್ಟಿಗೆ ಕೈ ಮುಗಿದು ಏಳುವುದು ನಮ್ಮ ರೂಢಿ. ಗಂಡ ಸತ್ತ ಮೇಲೆ ನನ್ನ ಕೈ ಬೋಳಾಯಿತು. ಆದರೂ ಓಣಿಗೆ ಬಂದರೆ ಆಕೆ ಮೊದಲು ಬುಟ್ಟಿ ಇಳಿಸುತ್ತಿದ್ದದ್ದು ನಮ್ಮ ಕಟ್ಟೆಗೆ. ಚಹಾ ಕುಡಿದು, ಊರಿನವರ ಮೇಲೆ ನಾಲ್ಕು ಚಾಡಿ ಹೇಳಿ, ಆಮೇಲೆ ವ್ಯಾಪಾರಕ್ಕೆ ಏಳುತ್ತಿದ್ದಳು. ಮಕ್ಕಳು ಆಕೆಯನ್ನು ಬಳಿ ಆಯಿ ಎಂದೇ ಕರೆದು ಬೆಳೆದವು.

ಕಳೆದ ವರ್ಷ ಗದ್ದೆ ಕೊಯ್ಲಿಗೆ ಮುಂಚೆ ಸಂಸ್ಥೆಯವರು ಮೊಮ್ಮಗಳಂಥವರನ್ನೆಲ್ಲ ಬೆಳಗಾವಿಗೆ ತರಬೇತಿಗೆ ಕರೆದರು. ಮೊಬೈಲಿನಲ್ಲಿ ಒಂದು ಜಾತಿಯವರ ಮೇಲೆ, ಒಂದು ಧರ್ಮದವರ ಮೇಲೆ, ಒಂದು ಭಾಷೆಯವರ ಮೇಲೆ ವಿಷ ಕಾರುತ್ತಾರಲ್ಲ, ಅದಕ್ಕೆ ಎದುರು ನಿಲ್ಲುವುದು ಹೇಗೆ ಎಂದು ಕಲಿಸುವ ತರಬೇತಿ. ಕೂಸನ್ನು ಬಿಟ್ಟು ಹೋಗುವಂತಿರಲಿಲ್ಲ.

“ಆಯಿ, ನೀ ಬರ್ತಿ ಏನ ಜೋಡಿಗಿ?”

“ಕೂಸಿನ ಸಲುವಾಗಿ ಬರ್ತೇನಿ. ನಿಮ್ಮ ಭಾಷಣದ ಸಲುವಾಗಿ ಅಲ್ಲ.”

ನೆಹರು ನಗರದಲ್ಲಿ, ದೊಡ್ಡ ಆಸ್ಪತ್ರೆ ದಾಟಿ ಒಂದು ಸಭಾಂಗಣ. ಹಿಂದಿನ ಸಾಲಿನ ಎರಡು ಕುರ್ಚಿ ಕೂಡಿಸಿ ಕೂಸನ್ನು ಮಲಗಿಸಿ ನಾನು ಬಾಜೂಕೆ ಕುಳಿತೆ. ಕಲಿಸುವ ಮೇಡಂ ಅವರನ್ನು ನಮ್ಮ ಕಡೆ ಬಾಯಿಯವರು ಎನ್ನುತ್ತೇವೆ. ಅವರು ಧಾರವಾಡದ ಕಡೆಯವರು, ಸಣ್ಣ ವಯಸ್ಸು, ಗಟ್ಟಿ ದನಿ. ಗೋಡೆಗೆ ಬೆಳಕು ಬಿಟ್ಟು ಒಂದೊಂದೇ ಬರಹ ತೋರಿಸಿದರು. ಕೆಲವನ್ನು ನಾನೂ ಓದಿದೆ. ಓದಿದ ಮೇಲೆ ಕೂಸಿನ ಮುಖಕ್ಕೆ ಸೆರಗು ಮುಚ್ಚಿದೆ. ಅದಕ್ಕೇನು ತಿಳಿಯುತ್ತದೆ, ಆದರೂ ಮುಚ್ಚಿದೆ. ಮುಂದೆ ಕುಳಿತ ಒಂದಿಬ್ಬರು ಹುಡುಗರು ಕಿಸಿಕಿಸಿ ನಕ್ಕರು.

“ನಗಬ್ಯಾಡ್ರಿ,” ಎಂದರು ಬಾಯಿಯವರು. “ಇದು ಯಾರದರೆ ಮನಿ ಮ್ಯಾಲ ಹೋಗಿ ಬೀಳತೈತಿ. ಯಾರ ಮನಿ ಅನ್ನೂದು ಇನ್ನೂ ಗೊತ್ತಾಗಿರಂಗಿಲ್ಲ, ಅಷ್ಟ.”

ಬೈಗುಳಕ್ಕೆ ಬೈಗುಳ ಕೊಡಬೇಡಿ ಎಂದರು. ಇದು ಸುಳ್ಳು ಎಂದು ಹೇಳುವುದಕ್ಕಾಗಿ ಕೂಡ ಅದನ್ನೇ ಮತ್ತೆ ಹಂಚಬೇಡಿ ಎಂದರು. ಪುರಾವೆ ಇಟ್ಟುಕೊಳ್ಳಿ, ಯಾರ ಮೇಲೆ ಬಿದ್ದಿದೆಯೋ ಅವರ ಹತ್ತಿರ ಮೊದಲು ಹೋಗಿ ಕುಳಿತು ಮಾತಾಡಿ ಎಂದರು. ನಿಮ್ಮ ಓಣಿಯಲ್ಲಿ ಕೂಡಿ ಬಾಳಿದವರ ನಿಜವಾದ ಸಂಗತಿಗಳನ್ನು ಹೇಳಿ, ಜನ ವಾದ ಮರೆಯುತ್ತಾರೆ, ಮನುಷ್ಯರನ್ನು ನೆನಪಿಡುತ್ತಾರೆ ಎಂದರು. ಅದರ ಬೆನ್ನಿಗೇ ಇನ್ನೊಂದು ಮಾತು ಹೇಳಿದರು: ಯಾರ ಫೋಟೊ ಹಾಕಿದರೂ, ಯಾರ ಸುದ್ದಿ ಹೇಳಿದರೂ, ಮೊದಲು ಅವರನ್ನು ಕೇಳಿ.

ನನಗೆ ಬಾಯಿ ತಡೆಯಲಿಲ್ಲ. “ಬಾಯಾರ, ಸುಳ್ಳ ಹೇಳಾವ ಯಾರನ್ನೂ ಕೇಳಂಗಿಲ್ಲ. ಖರೇ ಹೇಳಾಕಿ ಮಾತ್ರ ಮನಿಮನಿ ಕೇಳ್ಕೋತ ತಿರಗಬೇಕೇನ್ರಿ? ಅಷ್ಟರಾಗ ಸುಳ್ಳ ಗೋವಾ ಮುಟ್ಟಿರತೈತಿ.”

ಸಭೆಯೆಲ್ಲ ನಕ್ಕಿತು. ಬಾಯಿಯವರೂ ನಕ್ಕರು. “ಹೌದ್ ಆಯಿ, ತಡಾ ಆಗತೈತಿ. ಆದ್ರೂ ಕೇಳಬೇಕು,” ಎಂದರು. ಮೊಮ್ಮಗಳು ತಿರುಗಿ ನನ್ನನ್ನು ನೋಡಿದಳು. ನಾಚಿಕೆಯೂ ಇತ್ತು, ಸ್ವಲ್ಪ ಹೆಮ್ಮೆಯೂ ಇತ್ತು.

ಕೊಯ್ಲು ಶುರುವಾದ ಮೇಲೆ ಮೊಬೈಲಿಗೆ ಒಂದು ಸುದ್ದಿ ಬಂತು. ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ, ಒಬ್ಬ ಗಂಡಸಿನ ದನಿ. ಬಳೆ ಮಾರಲು ಬರುವ ಆ ಮಂದಿಯ ಹೆಂಗಸರು ಬಳೆಗೆ ಏನೋ ಪುಡಿ ಹಚ್ಚಿ ತರುತ್ತಾರೆ, ಬಸುರಿಯರು ಇಟ್ಟುಕೊಂಡರೆ ಗರ್ಭ ಇಳಿಯುತ್ತದೆ, ನಿಮ್ಮ ಹೆಣ್ಣುಮಕ್ಕಳನ್ನು ಕಾಯ್ದುಕೊಳ್ಳಿ ಎಂದು. ಜೊತೆಗೆ ಬಳೆ ತುಂಬಿದ ಯಾರದೋ ಎರಡು ಕೈಗಳ ಚಿತ್ರ. ಸೊಸೆ ಒಲೆಯ ಮುಂದೆ ಕುಳಿತು ಅದನ್ನು ನನಗೆ ಕೇಳಿಸಿದಳು.

“ಯಾವಾಕಿ, ಯಾವ ಊರಾಕಿ ಅಂತ ಹೇಳೇ ಇಲ್ಲಲ್ರಿ ಅತ್ತಿ.”

“ಹೇಳಿದ್ರ ಹೋಗಿ ವಿಚಾರಸ್ತಾರ. ಅದಕ್ಕ ಹೇಳಿಲ್ಲ.”

ಖರೇ ಹೇಳಬೇಕೆಂದರೆ, ಆ ದಿನಗಳಲ್ಲಿ ಅದು ಗಾಳಿಯಲ್ಲಿ ತೇಲುವ ಮಾತಾಗಿತ್ತು. ಅದಕ್ಕೆ ಊರಿಲ್ಲ, ಮುಖವಿಲ್ಲ. ನಾಲ್ಕು ದಿನ ಓಡಾಡಿ ಸಾಯುತ್ತಿತ್ತೋ ಏನೋ. ಆದರೆ ಮೊಮ್ಮಗಳ ಮೈ ಉರಿದುಹೋಯಿತು. ಆಕೆ ತರಬೇತಿ ಮುಗಿಸಿ ಬಂದಿದ್ದಳು, ಮುಂದಿನ ವಾರ ನಮ್ಮ ಮನೆಯಲ್ಲೇ ತಂಗಿಯ ಕುಬಸ ಇತ್ತು. ಕುಬಸವೆಂದರೆ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬುವ ಕಾರ್ಯ. ಬಳೆಗಾರ್ತಿಗೆ ಆಗಲೇ ಹೇಳಿಕಳಿಸಿದ್ದೆವು.

ಮೊಮ್ಮಗಳು ಗೋಡೆಯ ಮೇಲಿದ್ದ ತನ್ನ ಮದುವೆಯ ಫೋಟೊ ಇಳಿಸಿದಳು. ಬಳೆಗಾರ್ತಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾಳೆ, ಮದುಮಗಳ ಕೈ ಆಕೆಯ ತೊಡೆಯ ಮೇಲಿದೆ, ಬಾಯಿ ಅರ್ಧ ತೆರೆದಿದೆ, ಏನೋ ಹೇಳುತ್ತಿದ್ದಾಳೆ. ಚೊಲೊ ಫೋಟೊ. ಅದನ್ನು ಮೊಬೈಲಿನಲ್ಲಿ ಹಿಡಿದು, ಕೆಳಗೆ ಬರೆದು, ನಮಗೆ ಓದಿ ತೋರಿಸಿದಳು. ಇವರು ನಮ್ಮ ಬಳಿ ಆಯಿ, ನಂದಗಡದವರು, ನಮ್ಮ ಮನೆಯ ಮೂರು ತಲೆಮಾರಿನ ಕೈಗೆ ಬಳೆ ಇಟ್ಟವರು, ಮುಂದಿನ ವಾರ ಖಾನಾಪುರದಲ್ಲಿ ನನ್ನ ತಂಗಿಯ ಕುಬಸಕ್ಕೂ ಇವರೇ ಬರುತ್ತಾರೆ, ಸುಳ್ಳು ನಂಬಬೇಡಿ ಎಂದು ಬರೆದಿದ್ದಳು.

“ಆಕಿನ್ನ ಒಂದ ಮಾತ ಕೇಳಬೇಕಿತ್ತೇನ?” ಎಂದಳು, ತನಗೆ ತಾನೇ ಎಂಬಂತೆ.

ಸೊಸೆ ಹೇಳಿದಳು, “ಮನಿ ಮಂದೀನ್ನ ಏನ ಕೇಳೂದು? ಹೊರಗಿನಾಕಿ ಏನ ಆಕಿ?”

ನಾನು ಅಕ್ಕಿಯಲ್ಲಿ ಹರಳು ಆರಿಸುತ್ತಿದ್ದೆ. ಮಾತು ನಮ್ಮ ಯಾರ ಕಿವಿಗೂ ತಪ್ಪೆನಿಸಲಿಲ್ಲ. ನಮ್ಮಲ್ಲಿ ಹಾಗೆಯೇ, ಪರರನ್ನು ಕೇಳುತ್ತೇವೆ, ನಮ್ಮವರನ್ನು ಕೇಳಿದರೆ ಅವರಿಗೆ ಅವಮಾನ ಮಾಡಿದಂತೆ ಎಂದು ತಿಳಿದವರು ನಾವು.

ಅದನ್ನು ಆಕೆ ತನ್ನ ಗ್ರೂಪುಗಳಿಗೆಲ್ಲ ಕಳಿಸಿದಳು. ಹೂವು, ಮುಗಿದ ಕೈ, ಚಪ್ಪಾಳೆಯ ಚಿತ್ರಗಳು ಬಂದವು. ಧಾರವಾಡದ ಬಾಯಿಯವರೂ ಬರೆದರು: ಬಹಳ ಚೆನ್ನಾಗಿದೆ, ಅವರನ್ನು ಕೇಳಿದ್ದೀರಲ್ಲ? ಮನೆಯವರೇ ಮೇಡಂ ಎಂದು ಮೊಮ್ಮಗಳು ಉತ್ತರ ಕೊಟ್ಟಳು.

ಮರುದಿನವೋ ಅದರ ಮರುದಿನವೋ ಆ ಫೋಟೊ ನಮಗೇ ತಿರುಗಿ ಬಂತು. ಮೊಮ್ಮಗಳ ಬರಹ ಕತ್ತರಿಸಿದ್ದರು. ಬಳೆಗಾರ್ತಿಯ ಮುಖದ ಸುತ್ತ ಕೆಂಪು ಗೆರೆ ಎಳೆದಿದ್ದರು. ಕೆಳಗೆ ಹೊಸ ಮಾತು: ಈಕೆಯೇ ಅವಳು, ನಂದಗಡದವಳು, ಮುಂದಿನ ವಾರ ಖಾನಾಪುರದಲ್ಲಿ ಒಬ್ಬ ಬಸುರಿಗೆ ಬಳೆ ಇಡಲು ಹೊರಟಿದ್ದಾಳೆ. ಮುಖ, ಊರು, ಕೆಲಸಕ್ಕೆ ಹೋಗುವ ಮನೆ, ಎಲ್ಲವನ್ನೂ ನಾವೇ ಬರೆದುಕೊಟ್ಟಿದ್ದೆವು. ಅವರು ಹುಡುಕಬೇಕಾದ ಕಷ್ಟವೇ ಇರಲಿಲ್ಲ.

ನಂದಗಡದ ಸಂತೆಯ ದಿನ ಆಕೆ ಎಂದಿನಂತೆ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಾಳೆ. ಆಕೆಗೆ ಆ ತನಕ ಇದ್ಯಾವುದೂ ಗೊತ್ತಿಲ್ಲ. ಆಕೆಯದು ಗುಂಡಿ ಒತ್ತುವ ಹಳೆಯ ಫೋನು. ನಾಲ್ಕೈದು ಹುಡುಗರು ಬಂದು ಸುತ್ತ ನಿಂತು, ಬಳೆಗೆ ಏನು ಪುಡಿ ಹಚ್ಚಿದ್ದೀ ಎಂದು ಕೇಳಿದರಂತೆ. ಪುಡಿ ಇಲ್ಲ ಅಂತೀಯಲ್ಲ, ಹಂಗಾರ ನೆಕ್ಕಿ ತೋರಿಸು ಎಂದರಂತೆ. ಬಳೆಗಳನ್ನು ದಾರದಲ್ಲಿ ಪೋಣಿಸಿ ಮಲಾರ ಕಟ್ಟಿರುತ್ತಾರೆ. ಒಂದು ಹಸಿರು ಮಲಾರ ಎತ್ತಿ ಆಕೆಯ ಮಡಿಲಿಗೆ ಹಾಕಿದರು. ಆಕೆ ಒಂದೊಂದೇ ಬಳೆ ನೆಕ್ಕಿದಳು. ಒಬ್ಬ ಅದನ್ನು ಮೊಬೈಲಿನಲ್ಲಿ ಹಿಡಿದ. ಸಂತೆಗೆ ಹೋಗಿದ್ದ ನಮ್ಮ ಓಣಿಯ ಹೆಂಗಸು ಇದನ್ನೆಲ್ಲ ಬಂದು ಹೇಳಿದಳು.

“ನೀ ಏನ ಮಾಡಾಕತ್ತಿದ್ದಿ ಆವಾಗ?” ಎಂದು ಕೇಳಿದೆ.

“ಬದನಿಕಾಯಿ ತೂಗಸಾಕತ್ತಿದ್ನಿ ಆಯಿ. ನಾ ಒಬ್ಬಾಕಿ ಏನ ಮಾಡಲಿ?”

ಆಕೆಗೆ ಬೈಯಬೇಕೆಂದು ಬಾಯಿ ತೆರೆದೆ. ಮುಚ್ಚಿದೆ. ಆಕೆ ಬದನೆಕಾಯಿ ತೂಗಿಸಿದ್ದಳು, ನಾವು ಫೋಟೊ ಕೊಟ್ಟಿದ್ದೆವು.

ಮೊಮ್ಮಗಳು ಎರಡು ದಿನ ನೆಟ್ಟಗೆ ಉಣ್ಣಲಿಲ್ಲ. “ನಾ ಹಾಕಿದ್ದು ಎಲ್ಲಾ ಅಳಸಿದ್ನಿ ಆಯಿ,” ಎಂದಳು.

“ನಿಂದ ಅಳಸಿದಿ.”

ಬಾಯಿಯವರು ಸುದ್ದಿ ಕೇಳಿ ಬಸ್ಸು ಹತ್ತಿ ಖಾನಾಪುರಕ್ಕೇ ಬಂದರು. ಮೊಮ್ಮಗಳಿಗೆ ಬೈಯಲಿಲ್ಲ, ಬೈದಿದ್ದರೆ ಆಕೆಗೆ ಹಗುರವಾಗುತ್ತಿತ್ತು. ದೂರು ಕೊಡೋಣ, ನಾನು ಜೊತೆಗೆ ಬರುತ್ತೇನೆ ಎಂದು ಬಳೆಗಾರ್ತಿಯ ಮಗನಿಗೆ ಫೋನು ಮಾಡಿದರು. ಆತ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆ. ಆತನ ದನಿ ನನಗೂ ಕೇಳಿಸಿತು.

“ನಿಮ್ಮ ಟ್ರೇನಿಂಗ್ ಮುಗೀತಲ್ರಿ ಮೇಡಂ? ಇನ್ನ ನಮ್ಮನ್ನ ಬಿಡ್ರಿ.”

ಬಾಯಿಯವರು ಫೋನು ಕೆಳಗಿಟ್ಟು ಕೂಸನ್ನು ಸ್ವಲ್ಪ ಹೊತ್ತು ಎತ್ತಿಕೊಂಡು ಕುಳಿತರು. ಚಹಾ ಕುಡಿಯದೆ ಹೋದರು.

ಅಷ್ಟರಲ್ಲಿ ಬೆಳಗಾವಿಯಿಂದ ಬೀಗತಿ, ಎಂದರೆ ಕಿರಿಯ ಮೊಮ್ಮಗಳ ಅತ್ತೆ, ನಮ್ಮ ಸೊಸೆಗೆ ಫೋನು ಮಾಡಿದಳು. “ಬೀಗ್ತ್ಯಾರ, ನಾವೇನ ಅದನ್ನ ನಂಬೂದಿಲ್ಲರಿ. ದೇವರಾಣಿ ನಂಬೂದಿಲ್ಲ. ಆದ್ರ ಚೊಚ್ಚಲ ಬಸರು. ಬಳಿ ನಾವ ರವಿವಾರ ಪ್ಯಾಟ್ಯಾಗ ತಗೊಂಡ ಬರ್ತೀವಿ, ನೀವು ತ್ರಾಸ ತಗೋಬ್ಯಾಡ್ರಿ.”

ನಂಬುವವರಿಗೆ ಎದುರು ನಿಲ್ಲುವುದನ್ನು ತರಬೇತಿಯಲ್ಲಿ ಕಲಿಸಿದ್ದರು. ನಂಬುವುದಿಲ್ಲ ಎನ್ನುತ್ತಲೇ ನಂಬಿದವರಂತೆ ನಡೆಯುವವರಿಗೆ ಏನು ಹೇಳಬೇಕೆಂದು ಕಲಿಸಿದ ನೆನಪು ನನಗಿಲ್ಲ.

ನಾನೂ ಮೊಮ್ಮಗಳೂ ನಂದಗಡಕ್ಕೆ ಹೋದೆವು. ಬಳೆಗಾರ್ತಿ ಬಾಗಿಲ ಒಳಗೆ ಕುಳಿತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಬುಟ್ಟಿ ಮೂಲೆಯಲ್ಲಿತ್ತು, ಮೇಲೆ ಹಳೆಯ ಸೀರೆ ಮುಚ್ಚಿತ್ತು.

“ಬಂದಿ ಏನ ಅಕ್ಕಾ. ಕುಂದ್ರು.”

ಮೊಮ್ಮಗಳು ಆಕೆಯ ಕಾಲು ಹಿಡಿದಳು. “ತಪ್ಪಾತ್ರಿ ಬಳಿ ಆಯಿ.”

“ಏಳ ಮೊದಲ. ಕೂಸ ಎಲ್ಲೈತಿ?”

“ಅವ್ವನ ಕಡೆ ಬಿಟ್ಟ ಬಂದೇನ್ರಿ.”

“ಹಾಲ ಕುಡಿಯೂ ಕೂಸ. ಹಂಗ ಬಿಟ್ಟ ತಿರಗಬಾರದು.”

ನಾನು ಸುತ್ತು ಬಳಸಲಿಲ್ಲ. “ಕುಬಸಕ್ಕ ಬಾ. ಬಾಗಲಾಗ ನಾ ನಿಂದರ್ತೇನಿ. ಯಾರ ಏನಂತಾರ ನೋಡೂಣು.”

“ನೀ ಎಷ್ಟ ದಿನ ನಿಂದರ್ತಿ ಅಕ್ಕಾ?” ಆಕೆ ಬೆಳ್ಳುಳ್ಳಿಯ ಸಿಪ್ಪೆ ಊದಿದಳು. “ಹುಡಗಿಗಿ ನಾಳೆ ನೆಗಡಿ ಬಂದ್ರ ನನ್ನ ಬಳಿಯಿಂದ. ಹೊಟ್ಟಿ ನೊಂದ್ರ ನನ್ನ ಬಳಿಯಿಂದ. ಆಕಿ ಹಡಿಯೂ ತನಾ ನಾ ಇಲ್ಲಿ ಕುಂತ ನಡಗಬೇಕೇನ? ನನಗೂ ಮಗ ಅದಾನ.”

ಮೊಮ್ಮಗಳು ಕೇಳಿದಳು, “ನಾ ಮೊದಲ ನಿಮ್ಮನ್ನ ಕೇಳಿದ್ರ ಹೂಂ ಅಂತಿದ್ರೇನ್ರಿ?”

“ಇಲ್ಲ.”

“ಯಾಕ್ರಿ?”

“ಆ ಫೋಟೊ ನಿಮ್ಮ ಗ್ವಾಡಿ ಮ್ಯಾಲ ಇತ್ತಲ್ಲ, ನನಗೂ ಖುಷಿ ಇತ್ತು. ನಿಮ್ಮ ಮನಿಗಿ ಬಂದಾಗೊಮ್ಮೆ ನೋಡ್ತಿದ್ನಿ. ಮೊಬೈಲ್‌ನ್ಯಾಗ ಹೋದದ್ದು ಯಾರ ಯಾರ ಗ್ವಾಡಿಗಿ ಹೋಗತೈತಿ ಅನ್ನೂದು ನಮ್ಮಂಥಾರಿಗಿ ಗೊತ್ತಿರತೈತಿ ಮಗಳ. ನಿಮಗ ಗೊತ್ತ ಮಾಡ್ಕೊಳ್ಳೂ ಪಾಳಿ ಇನ್ನೂ ಬಂದಿಲ್ಲ.”

ಚಹಾ ಕೊಟ್ಟಳು. ಕುಡಿದು ಬಂದೆವು. ಬಸ್ಸಿನಲ್ಲಿ ಮೊಮ್ಮಗಳು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು.

ಕುಬಸ ನಡೆಯಿತು. ಹೋಳಿಗೆ ಆಯಿತು, ಹಸಿರು ಸೀರೆ ಆಯಿತು. ಬೀಗತಿ ರಟ್ಟಿನ ಡಬ್ಬಿಯಿಂದ ಬಳೆ ತೆಗೆದು ಸಾಬೂನಿನ ನೀರಿನಲ್ಲಿ ಅದ್ದಿ ತಾನೇ ಇಡಲು ಕುಳಿತಳು. ಬಸುರಿಯ ಕೈ ಬಾತಿತ್ತು. ಒಂದು ಬಳೆ ಒಡೆದು ಹೆಬ್ಬೆರಳಿನ ಗಂಟಿಗೆ ತಾಗಿ ರಕ್ತ ಬಂತು.

“ಗಾಜಿನ ಬಳಿ ಅಂದ ಮ್ಯಾಲ ಒಡಿಯಾವ,” ಎಂದಳು ಬೀಗತಿ.

ಹುಡುಗಿ ಬೆರಳನ್ನು ಬಾಯಲ್ಲಿಟ್ಟುಕೊಂಡು ಎಲ್ಲರ ಮುಂದೆ ಕೇಳಿದಳು, “ಬಳಿ ಆಯಿ ಯಾಕ ಬರಲಿಲ್ಲ?”

ಆಕೆಗೆ ಯಾರೂ ಹೇಳಿರಲಿಲ್ಲ. ಬಸುರಿಗೆ ಚಿಂತೆ ಕೊಡಬಾರದೆಂದು ಆಕೆಯ ಗಂಡನ ಮನೆಯವರು ಮೊಬೈಲು ಇಸಿದುಕೊಂಡು ಇಟ್ಟಿದ್ದರು. ಒಬ್ಬಳು ಸೀರೆಯ ನೆರಿಗೆ ಸರಿಮಾಡಿದಳು. ಇನ್ನೊಬ್ಬಳು ಹಾಡು ಎತ್ತಿದಳು, ಉಳಿದವರು ದನಿ ಕೂಡಿಸಿದರು. ಹಿರಿಯ ಮೊಮ್ಮಗಳು ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ.

ಬಳೆ ಇಟ್ಟವರಿಗೆ ಒಂದು ಮೊರ ಅಕ್ಕಿ, ತೆಂಗಿನಕಾಯಿ, ರವಿಕೆಯ ಖಣ ಕೊಡುವುದು ನಮ್ಮ ಮನೆಯ ಪದ್ಧತಿ. ಸೊಸೆ ಎಂದಿನ ರೂಢಿಯಂತೆ ಬೆಳಿಗ್ಗೆಯೇ ಮೊರ ತುಂಬಿ ದೇವರ ಕೋಣೆಯ ಬಾಗಿಲಲ್ಲಿ ಇಟ್ಟುಬಿಟ್ಟಿದ್ದಳು. ಬೀಗತಿಗೆ ಅದನ್ನು ಕೊಡುವಂತಿಲ್ಲ, ಎತ್ತಿ ಡಬ್ಬಿಗೆ ಸುರಿಯಲು ಯಾರಿಗೂ ಮನಸ್ಸಿಲ್ಲ. ಸಂಜೆ ಬೀಗರು ಹೋದ ಮೇಲೂ ಅದು ಅಲ್ಲೇ ಇತ್ತು. ಎಲ್ಲರೂ ಅದನ್ನು ದಾಟಿ ದಾಟಿ ಓಡಾಡಿದರು.

ಮರುದಿನ ಬೆಳಿಗ್ಗೆ ಎಮ್ಮೆ ಹಿಂಡಿ, ಮೊರವನ್ನು ಅರಿವೆಯಲ್ಲಿ ಕಟ್ಟಿಕೊಂಡು ನಂದಗಡದ ಬಸ್ಸು ಹತ್ತಿದೆ. ಯಾರಿಗೂ ಹೇಳಲಿಲ್ಲ.

ಬಳೆಗಾರ್ತಿ ಗಂಟು ಬಿಚ್ಚಿ ನೋಡಿದಳು, ಮತ್ತೆ ಕಟ್ಟಿದಳು. “ಒಯ್ಯಿ ಅಕ್ಕಾ. ಬಳಿ ಇಡಲಾರದ ತಗೊಂಡ್ರ ಅದು ಭಿಕ್ಷಾ ಆಗತೈತಿ.”

“ಹಂಗಾರ ಇಡು.”

“ಯಾರಿಗಿ?”

ಆಕೆಯ ಮುಂದೆ ಕುಳಿತು ಕೈ ಚಾಚಿದೆ.

“ಹುಚ್ಚಿ ಅದಿ ಏನ? ಗಂಡ ಇಲ್ಲದ ಕೈ.”

“ಗಂಡ ಇದ್ದಾಗ ಇಡಂತ ಅಂವ ಹೇಳ್ತಿದ್ದಿಲ್ಲ, ನಾನ ಹೇಳ್ತಿದ್ನಿ. ಈಗೂ ನಾನ ಹೇಳಾಕತ್ತೇನಿ. ನನ್ನ ಹೊಟ್ಟ್ಯಾಗ ಇಳ್ಯಾಕ ಏನೂ ಉಳದಿಲ್ಲ, ನೀ ನಡಗೂದು ಬ್ಯಾಡ.”

“ಮಂದಿ ಏನಂತಾರ?”

“ಅಂದ್ರ ನನಗ ಅಂತಾರ. ನಿನಗಲ್ಲ.”

ಆಕೆ ನಗಲಿಲ್ಲ. ಎದ್ದು ಹೋಗಿ ಬುಟ್ಟಿಯ ಮೇಲಿನ ಸೀರೆ ತೆಗೆದಳು. ಕೆಂಪು, ಕಂದು, ಹಳದಿ ತೋರಿಸಿದಳು. ಒಂದು ಹಸಿರು ಮಲಾರವನ್ನು ಬದಿಗೆ ಸರಿಸಿದಳು.

“ಅದು ಯಾಕ ಆ ಕಡೆ ಇಟ್ಟಿ?”

“ಅದು ನಾ ನೆಕ್ಕಿದ್ದು.”

“ಅದನ್ನ ಇಡು.”

ನನ್ನ ಕೈ ಕಟ್ಟಿಗೆಯಂತಾಗಿದೆ. ಹೆಬ್ಬೆರಳಿನ ಬುಡ ಹಿಚುಕಿದಳು, ಆದರೆ ಮಾತು ತೆಗೆಯಲಿಲ್ಲ. ಎರಡು ಬಳೆ ಒಡೆದವು. ಆಕೆಯ ಕೈಯಲ್ಲಿ ಬಳೆ ಒಡೆದದ್ದನ್ನು ನಾನು ಅದಕ್ಕೆ ಮೊದಲು ನೋಡಿದ ನೆನಪಿಲ್ಲ. ಮುಗಿದ ಮೇಲೆ ಕೈಗೊಂದು ಹೆಚ್ಚು ಇಟ್ಟಳು. ಬುಟ್ಟಿಗೆ ಕೈ ಮುಗಿದು ಎದ್ದೆ. ಮೊರದ ಗಂಟನ್ನು ಆಕೆ ಒಳಗೆ ಒಯ್ದಿಟ್ಟಳು, ಬುಟ್ಟಿಗೆ ಮತ್ತೆ ಸೀರೆ ಮುಚ್ಚಿದಳು. ಇನ್ನು ಓಣಿಗೆ ಬರುತ್ತೀಯಾ ಎಂದು ನಾನು ಕೇಳಲಿಲ್ಲ, ಬರುತ್ತೇನೆ ಎಂದು ಆಕೆ ಹೇಳಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರ್ ಚೀಟಿ ಕೊಡುವಾಗ ನನ್ನ ಕೈ ನೋಡಿದ, ಹಣೆ ನೋಡಿದ, ಮುಂದೆ ಹೋದ. ಓಣಿಯಲ್ಲಿ ಬದನೆಕಾಯಿಯವಳು ಬಾಗಿಲಿಗೆ ಬಂದು ನಿಂತಳು. ಮನೆಯಲ್ಲಿ ಸೊಸೆ ಬಾಯಿಗೆ ಸೆರಗು ಹಿಡಿದಳು. ಹಿರಿಯ ಮೊಮ್ಮಗಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು, ಬಾಜೂಕೆ ಮೊಬೈಲ್ ಇತ್ತು. ನನ್ನ ಕೈಯನ್ನು ನೋಡಿದಳು. ಮೊಬೈಲನ್ನು ಮುಟ್ಟಲಿಲ್ಲ.

ಕುಬಸದ ದೊಡ್ಡ ಪಾತ್ರೆಗಳು ಹಿತ್ತಲಲ್ಲಿ ಹಾಗೆಯೇ ಬಿದ್ದಿದ್ದವು. ಬೂದಿ ತೆಗೆದುಕೊಂಡು ತಿಕ್ಕಲು ಕುಳಿತೆ. ತಿಕ್ಕಿದಾಗೊಮ್ಮೆ ಬಳೆ ಪಾತ್ರೆಗೆ ಬಡಿದು ಸದ್ದಾಗುತ್ತಿತ್ತು. ಅಭ್ಯಾಸ ತಪ್ಪಿತ್ತು.